ಕಾಲಿಗೆ ಎರೆ ಮಣ್ಣು ಮೆತ್ತಿದಾಗ: ಕೆಸರಂಚಿನ ಹಕ್ಕಿಗಳ ಫೋಟೋ, ಅವುಗಳ ಗುರುತು

ಜನವರಿಯ ಒಂದು ಬೆಳಗ್ಗೆ. ಕಲಬುರಗಿಯಿಂದ ಒಂದು ತಾಸಿನ ದಾರಿಯಲ್ಲಿರುವ ಸಣ್ಣ ಕೆರೆ. ನೀರು ಹಿಂದೆ ಸರಿದು, ಸುತ್ತಲೂ ಹತ್ತಿಪ್ಪತ್ತು ಮಾರು ಅಗಲಕ್ಕೆ ಕರಿ ಕೆಸರು ಬಿದ್ದಿತ್ತು. ಅದರ ಮೇಲೆ ಗುಬ್ಬಿಯಷ್ಟೇ ಗಾತ್ರದ ಒಂದು ಬೂದು ಹಕ್ಕಿ ಏನನ್ನೋ ಹೆಕ್ಕಿ ತಿನ್ನುತ್ತಿತ್ತು. ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಕಾಲು ಕಪ್ಪು. ಕಪ್ಪು ಕಾಲಿದ್ದರೆ ಲಿಟ್ಲ್ ಸ್ಟಿಂಟ್, ಹಳದಿ ಕಾಲಿದ್ದರೆ ಟೆಮಿಂಕ್ಸ್ ಸ್ಟಿಂಟ್. ಪುಸ್ತಕಗಳೆಲ್ಲ ಹಾಗೇ ಹೇಳುತ್ತವೆ. ನಾನೂ ‘ಲಿಟ್ಲ್ ಸ್ಟಿಂಟ್, 1’ ಎಂದು ಬರೆದುಕೊಂಡೆ. ಹತ್ತು ನಿಮಿಷ ಕಳೆದ ಮೇಲೆ ಅದೇ ಹಕ್ಕಿ ನೀರಿಗಿಳಿದು, ನಾಲ್ಕು ಹೆಜ್ಜೆ ನಡೆದು ಮತ್ತೆ ದಡಕ್ಕೆ ಬಂತು. ಈಗ ಕಾಲು ಹಳದಿ!

ನಮ್ಮ ಎರೆ ಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಹೊಲಕ್ಕೆ ಕಾಲಿಟ್ಟರೆ ಚಪ್ಪಲಿ ಒಂದೊಂದು ಸೇರು ತೂಗುತ್ತದೆ. ಆ ಮಣ್ಣು ಹಕ್ಕಿಯ ಕಾಲನ್ನು ಬಿಡುತ್ತದಾ? ತೊಡೆಯವರೆಗೂ ತೆಳ್ಳಗೆ ಮೆತ್ತಿ, ಒಣಗಿ, ಕಪ್ಪು ಕಾಲುಚೀಲ ಹಾಕಿದ ಹಾಗೆ ಕಾಣುತ್ತದೆ. ಬೇರೆ ಕಡೆಯ ಮರಳು ದಂಡೆ ನೋಡಿ ಬರೆದ ಗುರುತು ಕಲಬುರಗಿ, ಯಾದಗಿರಿ, ಬೀದರ್‌ನ ಕೆರೆಯಂಚಿನಲ್ಲಿ ಹೀಗೆ ಕೈಕೊಡುತ್ತದೆ. ಅವತ್ತಿನಿಂದ ನಾನು ಒಂದೇ ಗುರುತು ನಂಬಿ ಹೆಸರು ಹೇಳುವುದನ್ನು ಬಿಟ್ಟೆ. ಚಂದದ ಫೋಟೋ ಬೇರೆ, ಗುರುತಿನ ಫೋಟೋ ಬೇರೆ ಅನ್ನುವುದೂ ಅವತ್ತೇ ಮನಸ್ಸಿಗೆ ಬಂತು. ಈ ಲೇಖನ ಆ ಎರಡನೆಯದರ ಬಗ್ಗೆ.

ಕೆರೆಯಲ್ಲಿ ನಡೆದಾಡುವ ಹಕ್ಕಿಗಳಲ್ಲಿ ದೊಡ್ಡವು ನಮಗೆಲ್ಲ ಪರಿಚಯ: ಬೆಳ್ಳಕ್ಕಿ, ಬಕ, ಕೊಕ್ಕರೆ. ತೊಂದರೆ ಕೊಡುವವು ಸಣ್ಣವು. ಸ್ಯಾಂಡ್‌ಪೈಪರ್, ಸ್ಟಿಂಟ್, ಪ್ಲೋವರ್, ಸ್ನೈಪ್ ಇವನ್ನೆಲ್ಲ ಸೇರಿಸಿ ವೇಡರ್ ಅನ್ನುತ್ತಾರೆ. ಎಲ್ಲವೂ ಮೇಲೆ ಕಂದು, ಕೆಳಗೆ ಬಿಳಿ. ಯಾಕೆ ಹೀಗೆ? ಇವುಗಳಲ್ಲಿ ಬಹುಪಾಲು ನಮ್ಮ ಊರಿನವಲ್ಲ. ಮೇ, ಜೂನ್‌ನಲ್ಲಿ ಸೈಬೀರಿಯಾದಂಥ ಉತ್ತರದ ನಾಡುಗಳಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಬಣ್ಣ ತೋರಿಸುವ ಕಾಲ ಅದು. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನಮ್ಮಲ್ಲಿಗೆ ಬರುತ್ತವೆ. ಇಲ್ಲಿ ಜೋಡಿ ಹುಡುಕುವ ಕೆಲಸ ಇಲ್ಲ. ಹೊಟ್ಟೆ ತುಂಬಬೇಕು, ಗಿಡುಗನ ಕಣ್ಣಿಗೆ ಬೀಳಬಾರದು, ಅಷ್ಟೇ. ಅದಕ್ಕೇ ಕೆಸರಿನಲ್ಲಿ ಕಲೆತುಹೋಗುವ ಮಾಸಲು ಬಟ್ಟೆ.

ಆ ಬಟ್ಟೆಯೂ ಒಂದೇ ಅಲ್ಲ. ಸೆಪ್ಟೆಂಬರ್‌ನಲ್ಲಿ ಬಂದ ದೊಡ್ಡ ಹಕ್ಕಿಯ ಗರಿ ಸವೆದು ಹರಕು ಹರಕಾಗಿರುತ್ತದೆ. ಪಕ್ಕದಲ್ಲೇ ನಿಂತ, ಅದೇ ವರ್ಷ ಹುಟ್ಟಿದ ಮರಿಯ ಗರಿ ಹೊಚ್ಚ ಹೊಸದು. ಪ್ರತಿ ಗರಿಗೂ ತಿಳಿ ಬಣ್ಣದ ಅಂಚು ಇರುವುದರಿಂದ ಬೆನ್ನು ಮೀನಿನ ಹುರುಪೆಯ ಹಾಗೆ ಕಾಣುತ್ತದೆ. ಲಿಟ್ಲ್ ಸ್ಟಿಂಟ್ ಮರಿಯ ಬೆನ್ನ ಮೇಲೆ ಬಿಳಿ ಗೆರೆಗಳು ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಕೂಡುತ್ತವೆ. ಡಿಸೆಂಬರ್‌ಗೆ ಎಲ್ಲವೂ ಬೂದು. ಮಾರ್ಚ್ ಕೊನೆಗೆ ಮತ್ತೆ ಬಣ್ಣ ಏರಲು ಶುರು. ಅಂದರೆ ಫೋಟೋದ ಜೊತೆ ತಾರೀಖು ಇಲ್ಲದಿದ್ದರೆ ಅರ್ಧ ಗುರುತು ಹೋದ ಹಾಗೆ.

ಬಣ್ಣ ನಂಬುವಂತಿಲ್ಲ ಅಂದಮೇಲೆ ಯಾವುದನ್ನು ನೋಡಬೇಕು? ನಾನು ಮೊದಲು ಕೊಕ್ಕು ನೋಡುತ್ತೇನೆ. ತಲೆಯ ಉದ್ದಕ್ಕೆ ಹೋಲಿಸಿದರೆ ಕೊಕ್ಕು ಎಷ್ಟು ಉದ್ದ? ನೆಟ್ಟಗಿದೆಯೋ, ಮೇಲಕ್ಕೆ ಬಾಗಿದೆಯೋ? ಪ್ಲೋವರ್‌ಗಳ ಕೊಕ್ಕು ಗಿಡ್ಡ. ಅವು ಕಣ್ಣಿನಿಂದ ಬೇಟೆ ಆಡುತ್ತವೆ: ಓಡು, ನಿಲ್ಲು, ನೋಡು, ಕುಕ್ಕು. ಸ್ಟಿಂಟ್‌ಗಳು ಕೆಸರಿನ ಮೇಲ್ಪದರದಲ್ಲಿ ಸಿಕ್ಕಿದ್ದನ್ನು ಹೆಕ್ಕುತ್ತವೆ. ಗಾಡ್ವಿಟ್‌ನ ಉದ್ದ ಕೊಕ್ಕು ಬುಡದವರೆಗೂ ಮಣ್ಣಿಗೆ ಇಳಿಯುತ್ತದೆ. ಸ್ನೈಪ್‌ನ ಕೊಕ್ಕಂತೂ ಬೆರಗು ಹುಟ್ಟಿಸುವಂಥದ್ದು. ಅದರ ತುದಿಯಲ್ಲಿ ಸ್ಪರ್ಶ ತಿಳಿಯುವ ನರಗಳು ಒತ್ತಾಗಿವೆ. ಕೆಸರಿನೊಳಗೆ ಹುಳ ತಾಗಿದರೆ ಇಡೀ ಬಾಯಿ ತೆರೆಯದೆ ತುದಿಯನ್ನಷ್ಟೇ ಚಿಮುಟದ ಹಾಗೆ ತೆರೆದು ಹಿಡಿಯುತ್ತದೆ. ಒಂದೇ ಕೆರೆಯಲ್ಲಿ ಇಷ್ಟೊಂದು ಜಾತಿ ಜಗಳವಿಲ್ಲದೆ ಉಣ್ಣುವುದು ಹೀಗೆ. ಒಬ್ಬೊಬ್ಬರದು ಒಂದೊಂದು ಆಳ. ಹಾಗಾಗಿ ಹಕ್ಕಿ ಎಲ್ಲಿ ನಿಂತಿದೆ, ಹೇಗೆ ತಿನ್ನುತ್ತಿದೆ ಅನ್ನುವುದೂ ಗುರುತೇ. ಫೋಟೋದ ಜೊತೆ ಹತ್ತು ಸೆಕೆಂಡಿನ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು.

ಈಗ ಮೂರು ಸ್ಯಾಂಡ್‌ಪೈಪರ್‌ಗಳ ಕತೆಗೆ ಬರೋಣ. ನಮ್ಮ ಭಾಗದಲ್ಲಿ ಜಾಸ್ತಿ ಕಾಣುವ, ಜಾಸ್ತಿ ಗೊಂದಲ ಮಾಡುವ ಹಕ್ಕಿಗಳು ಇವೇ: ಕಾಮನ್, ವುಡ್, ಗ್ರೀನ್. ಮೂರೂ ಹೆಚ್ಚುಕಡಿಮೆ 20 ಸೆಂಟಿಮೀಟರ್ ಉದ್ದ, ಗ್ರೀನ್ ಮಾತ್ರ ಒಂಚೂರು ದೊಡ್ಡದು.

ಕಾಮನ್ ಸ್ಯಾಂಡ್‌ಪೈಪರನ್ನು ನನಗೆ ಸರಿಯಾಗಿ ತೋರಿಸಿಕೊಟ್ಟಿದ್ದು ಪುಸ್ತಕವಲ್ಲ, ಅದೇ ಕೆರೆಗೆ ದಿನಾ ಕುರಿ ತರುವ ಒಬ್ಬ ಹಿರಿಯರು. ನಾನು ಕೆಸರಿನ ಪಕ್ಕ ಮಲಗಿದ್ದನ್ನು ನೋಡಿ ಬಂದು ಕೂತರು.

“ಏನ್ ನೋಡ್ಲಿಕ್ಕತ್ತಿ ತಮ್ಮಾ?”

“ಆ ಕಂದು ಹಕ್ಕಿ ಕಾಕಾ. ಮೂರು ಥರ ಅವ. ಯಾವುದು ಯಾವುದಂತ ತಿಳಿವಲ್ದು.”

“ಆ ಕುಣಿಯೋದು ಬ್ಯಾರೆ ನೋಡು. ಅದರ ಕುಂಡಿ ಒಂದು ಗಳಿಗಿ ಸುಮ್ನ ಇರಂಗಿಲ್ಲ. ಹಾರಿದ್ರೂ ನೀರು ಬಿಟ್ಟು ಮ್ಯಾಲ ಹೋಗಂಗಿಲ್ಲ.”

ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಉಳಿದೆರಡೂ ಆಗಾಗ ಬಾಲ ಕುಣಿಸುತ್ತವೆ, ಆದರೆ ಕಾಮನ್ ಸ್ಯಾಂಡ್‌ಪೈಪರ್ ಬಿಡದೆ ಕುಣಿಸುತ್ತದೆ. ಹಾರುವಾಗ ನೀರಿಗೆ ಅಂಟಿದ ಹಾಗೆ ಹಾರುತ್ತದೆ. ರೆಕ್ಕೆಯನ್ನು ಬಿಗಿಯಾಗಿ ಪಟಪಟ ಬಡಿದು, ಒಂದು ಕ್ಷಣ ತೇಲಿ, ಮತ್ತೆ ಬಡಿಯುತ್ತದೆ. ನಿಂತಾಗ ಎದೆಯ ಬಿಳಿ ಬಣ್ಣ ರೆಕ್ಕೆಯ ಮುಂದೆ ಭುಜದ ಕಡೆಗೆ ಬೆಣೆಯ ಹಾಗೆ ನುಗ್ಗಿರುತ್ತದೆ. ಈ ಬಿಳಿ ಬೆಣೆ ಫೋಟೋದಲ್ಲಿ ಸಿಕ್ಕರೆ ಕಾಲಿಗೆ ಎಷ್ಟೇ ಮಣ್ಣು ಮೆತ್ತಿರಲಿ, ಚಿಂತೆ ಇಲ್ಲ.

ವುಡ್ ಮತ್ತು ಗ್ರೀನ್ ನಡುವೆ ವ್ಯತ್ಯಾಸ ಇನ್ನೂ ಸೂಕ್ಷ್ಮ. ವುಡ್‌ನ ಬೆನ್ನ ಮೇಲೆ ಜೋಳದ ಹಿಟ್ಟು ಚೆಲ್ಲಿದ ಹಾಗೆ ಎದ್ದು ಕಾಣುವ ತಿಳಿ ಚುಕ್ಕೆಗಳು. ಕಣ್ಣಿನ ಮೇಲಿನ ಬಿಳಿ ಹುಬ್ಬು ಕಣ್ಣನ್ನು ದಾಟಿ ಹಿಂದಕ್ಕೂ ಹೋಗುತ್ತದೆ. ಗ್ರೀನ್‌ನ ಬೆನ್ನು ಹೆಚ್ಚು ಕಪ್ಪು, ಚುಕ್ಕೆ ಸಣ್ಣವು, ಹುಬ್ಬು ಕಣ್ಣಿನ ಮುಂದೆಯೇ ನಿಂತುಬಿಡುತ್ತದೆ. ಕಣ್ಣಿನ ಸುತ್ತ ಬಿಳಿ ಉಂಗುರ ಇರುತ್ತದೆ. ವುಡ್‌ನ ಕಾಲು ಹಳದಿ ಕಡೆಗೆ, ಗ್ರೀನ್‌ನದು ಕಡು ಹಸಿರು ಕಡೆಗೆ. ಆದರೆ ಕಾಲಿನ ಮಾತನ್ನು ಕೊನೆಗೆ ಇಟ್ಟುಕೊಳ್ಳಿ. ಮಣ್ಣು ಒಂದು ಕಡೆ ಮೋಸ ಮಾಡಿದರೆ, ಬೆಳಗಿನ ಏಳು ಗಂಟೆಯ ಹೊಂಬಿಸಿಲು ಇನ್ನೊಂದು ಕಡೆ ಮೋಸ ಮಾಡುತ್ತದೆ. ಆ ಬೆಳಕಿನಲ್ಲಿ ಹಸಿರು ಕಾಲೂ ಹಳದಿ ಕಾಣುತ್ತದೆ. ಅದೇ ಹಕ್ಕಿಯನ್ನು ಎಂಟೂವರೆಗೆ ಮತ್ತೊಮ್ಮೆ ತೆಗೆಯಿರಿ.

ಇವೆರಡರ ಗಟ್ಟಿ ಗುರುತು ಇರುವುದು ರೆಕ್ಕೆಯ ಕೆಳಗೆ. ನಿಂತಾಗ ಅದು ಕಾಣುವುದೇ ಇಲ್ಲ. ಹಾರಿದಾಗ ಗ್ರೀನ್‌ನ ರೆಕ್ಕೆಯ ಅಡಿ ಕರಿ, ವುಡ್‌ನದು ತಿಳಿ ಬೂದು. ಎರಡಕ್ಕೂ ಬಾಲದ ಬುಡ ಬಿಳಿ. ಆದರೆ ಗ್ರೀನ್‌ನಲ್ಲಿ ಕಪ್ಪು ಬೆನ್ನಿನ ನಡುವೆ ಆ ಬಿಳಿ ಥಟ್ಟನೆ ಹೊಳೆಯುತ್ತದೆ. ವುಡ್‌ನ ಪಾದ ಬಾಲ ದಾಟಿ ಚೆನ್ನಾಗಿ ಹಿಂದಕ್ಕೆ ಚಾಚಿರುತ್ತದೆ, ಗ್ರೀನ್‌ನದು ಬರೀ ತುದಿ. ಗ್ರೀನ್ ಹೆಚ್ಚಾಗಿ ಒಂಟಿ. ಹಳ್ಳದ ಮೂಲೆಯಲ್ಲೋ ಕಾಲುವೆಯ ಬದಿಯಲ್ಲೋ ಇದ್ದು, ಚೀರುತ್ತ ನೇರ ಮೇಲಕ್ಕೆ ಏರುತ್ತದೆ. ಕಾಮನ್‌ಗೆ ಬಾಲದ ಬುಡದಲ್ಲಿ ಬಿಳಿ ಇಲ್ಲವೇ ಇಲ್ಲ. ಅದರ ಬದಲು ರೆಕ್ಕೆಯ ಉದ್ದಕ್ಕೆ ಒಂದು ಬಿಳಿ ಗೆರೆ.

ಅಂದರೆ ಗುರುತಿನ ಫೋಟೋ ಸಿಗುವುದು ಹಕ್ಕಿ ಹಾರುವ ಆ ಅರ್ಧ ಸೆಕೆಂಡಿನಲ್ಲಿ. ಹಾಗಂತ ಕಲ್ಲು ಎಸೆದು, ಚಪ್ಪಾಳೆ ತಟ್ಟಿ ಎಬ್ಬಿಸಬಾರದು. ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ, ಮತ್ತೆ ಅಷ್ಟೇ ದೂರ ಹಾರಬೇಕಾದ ಹಕ್ಕಿ ಅದು. ಮೈಯಲ್ಲಿ ಕೊಬ್ಬು ಕೂಡಿಸುವುದೇ ಅದರ ಇಡೀ ಚಳಿಗಾಲದ ದುಡಿಮೆ. ನಾವು ಒಂದೊಂದು ಸಲ ಎಬ್ಬಿಸಿದಾಗಲೂ ಆ ದುಡಿಮೆಯಲ್ಲಿ ಒಂದಿಷ್ಟು ಸೋರಿಹೋಗುತ್ತದೆ. ಅದರ ಬದಲು ಕಾಯಿರಿ. ನಮ್ಮ ಕೆರೆಗಳಲ್ಲಿ ಹತ್ತು ಗಂಟೆ ಹೊತ್ತಿಗೆ ಎಮ್ಮೆಗಳು ನೀರಿಗೆ ಬಂದೇ ಬರುತ್ತವೆ. ಎಮ್ಮೆ ಹತ್ತಿರ ಬಂದರೆ ಹಕ್ಕಿಗಳು ಗಾಬರಿ ಬೀಳುವುದಿಲ್ಲ. ಎದ್ದು, ಒಂದು ಸುತ್ತು ಹಾಕಿ, ಹತ್ತು ಮಾರು ಆಚೆ ಇಳಿಯುತ್ತವೆ. ಎಮ್ಮೆ ಇಳಿಯುವ ಜಾಗ ಗೊತ್ತು ಮಾಡಿಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು ಮೊದಲೇ ಕೂತಿರಿ. 1/2000 ಸೆಕೆಂಡ್ ಶಟರ್, ಎಫ್ 8ರ ಆಸುಪಾಸು, ಐಎಸ್‌ಒ ಆಟೋ, ಒಂದೇ ಸಮನೆ ತೆಗೆಯುವ ಬರ್ಸ್ಟ್. ಇಪ್ಪತ್ತು ಫೋಟೋದಲ್ಲಿ ಹದಿನೆಂಟು ಮಸುಕಾಗಲಿ ಬಿಡಿ. ರೆಕ್ಕೆ ಮೇಲೆತ್ತಿದ್ದು ಒಂದು, ಕೆಳಗಿಳಿಸಿದ್ದು ಒಂದು ಸಿಕ್ಕರೆ ಸಾಕು.

ಎಮ್ಮೆ ಬರುವ ಹೊತ್ತಿನಲ್ಲಿ ಒಂದು ಅಡಚಣೆ ಇದೆ. ಒಂಬತ್ತೂವರೆ ಆದಮೇಲೆ ಎರೆ ನೆಲ ಕಾಯುತ್ತದೆ. ಕರಿ ಮಣ್ಣು ಬಿಸಿಲನ್ನು ಹೀರಿ, ತನ್ನ ಮೇಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಬಿಸಿ ಗಾಳಿ, ತಂಪು ಗಾಳಿ ಪದರ ಪದರವಾಗಿ ಕಲಸಿ, ಅದರ ಮೂಲಕ ಬರುವ ಬೆಳಕು ನಡುಗುತ್ತದೆ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ನೀರಿದ್ದ ಹಾಗೆ ಕಾಣುವುದಿಲ್ವಾ, ಅದರ ಸಂಬಂಧಿಯೇ ಇದು. ಅರವತ್ತು ಮೀಟರ್ ದೂರದ ಹಕ್ಕಿಯ ಗರಿಗಳೆಲ್ಲ ಬೆಣ್ಣೆ ಕರಗಿದ ಹಾಗೆ ಕಾಣುತ್ತವೆ. ತುಂಬಾ ಜನ ಲೆನ್ಸ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಎಷ್ಟು ಲಕ್ಷದ ಲೆನ್ಸ್ ಹಾಕಿದರೂ ಈ ನಡುಕ ಹೋಗುವುದಿಲ್ಲ. ದೂರ ಕಡಿಮೆಯಾದರೆ ಮಾತ್ರ ಕಡಿಮೆಯಾಗುತ್ತದೆ. ನೆಲಕ್ಕೆ ಮಲಗಿ, ಹಕ್ಕಿಯ ಕಣ್ಣಿನ ಮಟ್ಟದಿಂದ ತೆಗೆದ ಫೋಟೋ ಚಂದ, ಹಿನ್ನೆಲೆ ಮೆತ್ತಗಾಗುತ್ತದೆ, ಎಲ್ಲ ನಿಜ. ಆದರೆ ಬಿಸಿಲೇರಿದ ಮೇಲೆ ನೆಲದ ಹತ್ತಿರದ ಗಾಳಿಯೇ ಹೆಚ್ಚು ನಡುಗುವುದು. ಆದ್ದರಿಂದ ಮಲಗಿ ತೆಗೆಯುವ ಕೆಲಸ ಬೆಳಗ್ಗೆ ಮುಗಿಸಿ. ಎಮ್ಮೆ ಬರುವ ಹೊತ್ತಿಗೆ ಎದ್ದು ಕೂತು, ಹತ್ತಿರದ ಹಕ್ಕಿಯನ್ನು ಮಾತ್ರ ಹಿಡಿಯಿರಿ. ಮೋಡ ಕವಿದ ದಿನ ಸಿಕ್ಕರೆ ಬಿಡಬೇಡಿ.

ಇನ್ನೊಂದು ತೊಡಕು ಬಿಳಿ ಹಕ್ಕಿಗಳದ್ದು. ಚೌಕಟ್ಟಿನ ತುಂಬ ಕರಿ ಕೆಸರಿದ್ದರೆ ಕ್ಯಾಮೆರಾ ಅದನ್ನು ಕತ್ತಲೆ ಅಂದುಕೊಂಡು ಬೆಳಕು ಏರಿಸುತ್ತದೆ. ಬೆಳ್ಳಕ್ಕಿ ಗರಿಯೇ ಇಲ್ಲದ ಬಿಳಿ ಕಾಗದವಾಗಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 0.7ರಿಂದ ಮೈನಸ್ 1ಕ್ಕೆ ಇಳಿಸಿ. ಹೊಳೆಯುವ ನೀರಿನ ಮುಂದೆ ಕಂದು ಹಕ್ಕಿ ಇದ್ದರೆ ಇದಕ್ಕೆ ಉಲ್ಟಾ, ಪ್ಲಸ್ ಕಡೆಗೆ. ಬೆಳ್ಳಕ್ಕಿಯ ಗುರುತಿಗೆ ಬೇಕಾದದ್ದು ಮುಖದ ಒಂದು ಸ್ಪಷ್ಟ ಫೋಟೋ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ ಇದ್ದರೆ ಸಣ್ಣ ಬೆಳ್ಳಕ್ಕಿ. ಕೊಕ್ಕು ಹಳದಿ ಇದ್ದ ಎರಡು ದೊಡ್ಡ ಜಾತಿಗಳಲ್ಲಿ ಬಾಯಿಯ ಗೆರೆ ನೋಡಿ. ಅದು ಕಣ್ಣಿನ ಕೆಳಗೇ ನಿಂತರೆ ಮಧ್ಯಮ ಬೆಳ್ಳಕ್ಕಿ, ಕಣ್ಣು ದಾಟಿ ಹಿಂದಕ್ಕೆ ಹೋದರೆ ದೊಡ್ಡ ಬೆಳ್ಳಕ್ಕಿ.

ಸಲಕರಣೆ ಬಗ್ಗೆ ಜಾಸ್ತಿ ಹೇಳಲಾರೆ. 8x42 ಬೈನಾಕ್ಯುಲರ್ ಮೊದಲು ಕೊಳ್ಳಿ, ಕ್ಯಾಮೆರಾ ಆಮೇಲೆ. ಜೂಮ್ ಜಾಸ್ತಿ ಇರುವ ಬ್ರಿಜ್ ಕ್ಯಾಮೆರಾ ಗುರುತಿಗೆ ಧಾರಾಳ ಸಾಕು. ಅದೂ ಇಲ್ಲವಾದರೆ ಬೈನಾಕ್ಯುಲರ್‌ನ ಕಣ್ಣಿಗೆ ಫೋನ್ ಹಿಡಿದು ತೆಗೆದರೂ ಕೊಕ್ಕು, ಹುಬ್ಬು ತಿಳಿಯುತ್ತವೆ. ಟ್ರೈಪಾಡ್ ಬದಲಿಗೆ ನಾನು ಹಳೆಯ ಬಟ್ಟೆಯ ಚೀಲದಲ್ಲಿ ಎರಡು ಸೇರು ಜೋಳ ತುಂಬಿ ಹೊಲಿದಿದ್ದೇನೆ. ನೆಲದ ಮೇಲೆ ಇಟ್ಟರೆ ಲೆನ್ಸ್ ಅದರಲ್ಲಿ ಹೂತು ಅಲುಗದೆ ಕೂರುತ್ತದೆ. ಮಳೆಗಾಲಕ್ಕೆ ಮುಂಚೆ ಜೋಳ ಬದಲಿಸಬೇಕು, ಇಲ್ಲದಿದ್ದರೆ ನುಸಿ ಹತ್ತುತ್ತದೆ.

ಕೆರೆಗೆ ಹೋದ ಕೂಡಲೇ ಹತ್ತಿರ ಹೋಗುವ ಆಸೆ ತಡೆದುಕೊಳ್ಳಿ. ದೂರದಿಂದಲೇ ಒಂದು ಅಗಲವಾದ ಫೋಟೋ ತೆಗೆಯಿರಿ, ಬೇರೆ ಹಕ್ಕಿಗಳೂ ಅದರಲ್ಲಿರಲಿ. ಮೆಟ್ಟುಗಾಲು ಹಕ್ಕಿ ನಮ್ಮ ಎಲ್ಲ ಕೆರೆಯಲ್ಲೂ ಇರುತ್ತದೆ. ಗುಲಾಬಿ ಬಣ್ಣದ ಉದ್ದುದ್ದ ಕಾಲು, ಸೂಜಿಯಂಥ ಕಪ್ಪು ಕೊಕ್ಕು, ತಪ್ಪುವ ಮಾತೇ ಇಲ್ಲ. ಅದು ನಮ್ಮ ಅಳತೆಗೋಲು. ಅದರ ಪಕ್ಕ ನಿಂತ ಹಕ್ಕಿಯ ಮೈ ಅದಕ್ಕಿಂತ ದಪ್ಪವಾಗಿದ್ದು, ಕೊಕ್ಕು ಬುಡದಲ್ಲಿ ದಪ್ಪಗಿದ್ದು ತುದಿ ತುಸು ಮೇಲಕ್ಕೆ ಬಾಗಿದ್ದರೆ ಗ್ರೀನ್‌ಶ್ಯಾಂಕ್. ಸಣ್ಣ ಮೈ, ತೆಳ್ಳನೆ ನೆಟ್ಟಗಿನ ಕೊಕ್ಕು ಇದ್ದರೆ ಮಾರ್ಷ್ ಸ್ಯಾಂಡ್‌ಪೈಪರ್. ಒಂಟಿಯಾಗಿ ತೆಗೆದ ಕ್ಲೋಸಪ್‌ನಲ್ಲಿ ಇವೆರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅಳತೆಗೋಲು ಪಕ್ಕದಲ್ಲಿದ್ದರೆ ಗೊಂದಲ ಉಳಿಯುವುದಿಲ್ಲ. ಅದಕ್ಕೇ ಮೂಲ ಫೋಟೋವನ್ನು ಕತ್ತರಿಸಿ ಅಳಿಸಬೇಡಿ.

ಎಲ್ಲಿ, ಯಾವಾಗ ಹೋಗಬೇಕು? ಒಂದು ಲೆಕ್ಕ ನೆನಪಿಟ್ಟರೆ ಸಾಕು: ಕೆರೆ ತುಂಬಿದ್ದರೆ ಬಾತುಗಳ ಕಾಲ, ಕೆರೆ ಇಳಿದರೆ ವೇಡರ್‌ಗಳ ಕಾಲ. ಸುರಪುರದ ಹತ್ತಿರದ ಬೋನಾಳ ಕೆರೆ ನಾಯಕ ಅರಸರ ಕಾಲದ್ದು, ಈಗ ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಜನ ಅಲ್ಲಿಗೆ ಹೋಗುತ್ತಾರೆ. ಅವನ್ನು ನೋಡಿ ಸುಮ್ನೆ ವಾಪಸ್ ಬರಬೇಡಿ, ಜೊಂಡಿನ ಅಂಚಿನ ಕೆಸರನ್ನೂ ಒಂದರ್ಧ ತಾಸು ನೋಡಿ. ಬೀದರ್ ಕಡೆಯವರಿಗೆ ಕಾರಂಜಾ ಹಿನ್ನೀರು ಇದೆ. ನೀರು ಇಳಿದ ಹಾಗೆ ಅಗಲ ಬಯಲು ತೆರೆದುಕೊಳ್ಳುತ್ತದೆ. ಅಲ್ಲಿ ದೂರವೇ ಸಮಸ್ಯೆ, ಬೆಳಗ್ಗೆ ಬೇಗ ಹೋಗಬೇಕು. ಭೀಮಾ ನದಿಯ ಮರಳು ದಿಬ್ಬಗಳಲ್ಲಿ ಲಿಟ್ಲ್ ರಿಂಗ್ಡ್ ಪ್ಲೋವರ್ ಹುಡುಕಿ. ಕಣ್ಣಿನ ಸುತ್ತ ಹಳದಿ ಉಂಗುರ ಅದರ ಗುರುತು. ಇದು ನಮ್ಮಲ್ಲೇ ಮೊಟ್ಟೆಯಿಡುವ ಹಕ್ಕಿ. ಮೊಟ್ಟೆ ಬರೀ ಮರಳಿನ ಮೇಲೆ, ಹರಳಿನ ಬಣ್ಣದಲ್ಲೇ ಇರುತ್ತದೆ. ಬೇಸಿಗೆ ಶುರುವಾದ ಮೇಲೆ ಮರಳಿನ ಮಧ್ಯೆ ನಡೆಯಬೇಡಿ. ಟಿಟ್ಟಿಭ ತಲೆಯ ಮೇಲೆ ಹಾರಾಡಿ ಕೂಗಿದರೂ ಅಷ್ಟೇ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ಮನೆಗೆ ಬಂದಮೇಲೆ ಮರ್ಲಿನ್ ಆ್ಯಪ್‌ಗೆ ಫೋಟೋ ಕೊಟ್ಟರೆ ಹೆಸರು ಹೇಳುತ್ತದೆ. ಅದನ್ನು ಸಲಹೆ ಅಂತ ತಗೊಳ್ಳಿ, ತೀರ್ಪು ಅಂತ ಅಲ್ಲ. ಕಾಲಿಗೆ ಮೆತ್ತಿದ್ದು ಕಲಬುರಗಿಯ ಮಣ್ಣು ಅಂತ ಅದಕ್ಕೆ ಗೊತ್ತಿರುವುದಿಲ್ಲ. ನನ್ನ ಆ ಸ್ಟಿಂಟ್ ವಿಷಯದಲ್ಲಿ ಕಾಲನ್ನು ಬಿಟ್ಟು ಮತ್ತೆ ನೋಡಿದಾಗ ಟೆಮಿಂಕ್ಸ್‌ನ ಉಳಿದೆಲ್ಲ ಗುರುತುಗಳೂ ಮೊದಲೇ ಫೋಟೋದಲ್ಲಿದ್ದವು. ಎದೆಯ ತುಂಬ ಒಂದೇ ಸಮನಾದ ಬೂದು ಕಂದು ಇತ್ತು, ಲಿಟ್ಲ್‌ಗಾದರೆ ಎದೆಯ ನಡುವೆ ಬಿಳಿ ಇರುತ್ತದೆ. ಮೈ ಕುಗ್ಗಿಸಿ, ಇಲಿಯ ಹಾಗೆ ಮೆಲ್ಲಗೆ ಹುಲ್ಲಿನ ಅಂಚಿನಲ್ಲಿ ಓಡಾಡುತ್ತಿತ್ತು. ಲಿಟ್ಲ್ ಸ್ಟಿಂಟ್‌ಗಳು ಗುಂಪಾಗಿ, ಬಯಲು ಕೆಸರಿನಲ್ಲಿ ಗಡಿಬಿಡಿಯಿಂದ ಓಡುತ್ತವೆ. ಹಾರಿದಾಗಿನ ಒಂದು ಮಸುಕು ಫೋಟೋದಲ್ಲಿ ಬಾಲದ ಎರಡೂ ಅಂಚಿನ ಗರಿ ಬಿಳಿ ಇತ್ತು. ಲಿಟ್ಲ್‌ಗೆ ಅಲ್ಲಿ ಬೂದು. ಚಂದದ ಫೋಟೋಗಳನ್ನು ಇಟ್ಟುಕೊಂಡು ಆ ಮಸುಕಾದದ್ದನ್ನು ಅಳಿಸುವವನಿದ್ದೆ.

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂತ ಮನೆಯಲ್ಲೂ ಕೇಳುತ್ತಾರೆ. ನಮ್ಮ ಮೂರೂ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1930ರ ದಶಕದ ಮೊದಲಲ್ಲಿ ಸಲೀಂ ಅಲಿ ಆ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಆಗ ಯಾವ ಹಕ್ಕಿ ಇತ್ತು ಅಂತ ಇವತ್ತು ಮಾತಾಡಲು ಆಗುವುದು ಅಂಥ ದಾಖಲೆಯಿಂದ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರ ಹಕ್ಕಿಗಳ ಗಣತಿ ನಡೆಯುತ್ತಿದೆ. ಈಗ ಹಕ್ಕಿ ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಯಾರು ಬೇಕಾದರೂ ತಮ್ಮ ಊರ ಕೆರೆಯ ಪಟ್ಟಿ ಹಾಕಬಹುದು. ಆದರೆ ಪಟ್ಟಿಯಲ್ಲಿ ತಪ್ಪು ಹೆಸರಿದ್ದರೆ ಇಲ್ಲದ ಹಕ್ಕಿಯನ್ನು ಇದೆ ಅಂದ ಹಾಗಾಗುತ್ತದೆ, ಇರುವ ಹಕ್ಕಿ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಹೋದ ಫೆಬ್ರುವರಿಯಲ್ಲಿ ಅದೇ ಕೆರೆಯಲ್ಲಿ ಒಂದು ಸ್ನೈಪ್ ಸಿಕ್ಕಿತು. ಕಾಮನ್ ಸ್ನೈಪ್ ಆದರೆ ಹಾರುವಾಗ ರೆಕ್ಕೆಯ ಹಿಂದಿನ ಅಂಚಿನಲ್ಲಿ ಎದ್ದು ಕಾಣುವ ಬಿಳಿ ಗೆರೆ ಇರಬೇಕು. ಪಿನ್‌ಟೇಲ್ ಸ್ನೈಪ್ ಆದರೆ ಆ ಗೆರೆ ಇರುವುದಿಲ್ಲ, ಬಾಲ ಬಿಚ್ಚಿದಾಗ ಅಂಚಿನ ಗರಿಗಳು ಗುಂಡುಪಿನ್ನಿನಷ್ಟು ತೆಳ್ಳಗೆ ಕಾಣಬೇಕು. ಒಂದೂಕಾಲು ತಾಸು ಜೋಳದ ಚೀಲದ ಹಿಂದೆ ಮಲಗಿದ್ದೆ. ಹಕ್ಕಿ ಜೊಂಡಿನ ಬುಡದಲ್ಲಿ ಕೂತು ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೊಕ್ಕು ಆಡಿಸುತ್ತಲೇ ಇತ್ತು. ಹಾರಲಿಲ್ಲ, ಬಾಲ ಬಿಚ್ಚಲಿಲ್ಲ. ಎಮ್ಮೆಗಳು ಅವತ್ತು ಆಚೆ ದಂಡೆಗೆ ಇಳಿದವು. ಮೂವತ್ತೊಂದು ಫೋಟೋ ಇವೆ, ಒಂದರಲ್ಲೂ ರೆಕ್ಕೆ ತೆರೆದಿಲ್ಲ. ಪಟ್ಟಿಯಲ್ಲಿ ‘ಸ್ನೈಪ್, 1, ಜಾತಿ ಖಚಿತವಿಲ್ಲ’ ಎಂದು ಬರೆದು ಎದ್ದು ಬಂದೆ.